ಎಳ್ಳ ಅಮಾವಾಸ್ಯೆಯ ಕಲಬುರಗಿ

ಕಲಬುರಗಿಯನ್ನು ನೋಡಬಂದವರು ಸಾಮಾನ್ಯವಾಗಿ ಎರಡು ದೂರುಗಳನ್ನು ಹೊತ್ತು ಹಿಂದಿರುಗುತ್ತಾರೆ. ಒಂದು ಬಿಸಿಲಿನದು, ಇನ್ನೊಂದು ಧೂಳಿನದು. ಎರಡೂ ಸುಳ್ಳಲ್ಲ. ಚೈತ್ರ ವೈಶಾಖಗಳಲ್ಲಿ ಈ ಊರಿನ ಬೀದಿಗಳು ಹೆಂಚಿನಂತೆ ಕಾಯುವುದನ್ನೂ, ಮಧ್ಯಾಹ್ನದ ಹೊತ್ತು ನಾಯಿಗಳು ಸಹ ನೆರಳು ಬಿಟ್ಟು ಕದಲದಿರುವುದನ್ನೂ ಅಲ್ಲಗಳೆಯಲಾಗದು. ಆದರೆ ಮದುವೆಯ ಮನೆಯನ್ನು ನೋಡಬೇಕೆಂದು ಬಯಸಿದವನು ಚಪ್ಪರ ಬಿಚ್ಚಿದ ಮೇಲೆ ಹೋದರೆ ಅದು ಮನೆಯವರ ತಪ್ಪೇ? ಕಲಬುರಗಿಗೂ ತನ್ನದೇ ಆದ ಒಂದು ಋತುವಿದೆ. ಮಾರ್ಗಶಿರದ ಉತ್ತರಾರ್ಧದಿಂದ ಸಂಕ್ರಾಂತಿಯವರೆಗಿನ ದಿನಗಳು ಅದರ ಚಪ್ಪರದ ದಿನಗಳು. ಬೆಳಗಿನಲ್ಲಿ ಕಂಬಳಿ ಬೇಕೆನಿಸುವಷ್ಟು ಚಳಿ. ಹೊತ್ತೇರಿದ ಮೇಲೆ ಮೈಗೆ ಹಿತವಾದ ಎಳೆಬಿಸಿಲು. ಹೊಲಗಳಲ್ಲಿ ಕಾಯಿ ಕಟ್ಟಿದ ತೊಗರಿ, ತೆನೆ ತೋರುವ ಬಿಳಿಜೋಳ, ನೆಲಕ್ಕೆ ಅಂಟಿ ಹರಡಿದ ಕಡಲೆ. ಬೆಂಗಳೂರು, ಪುಣೆ, ಹೈದರಾಬಾದು, ಮುಂಬಯಿಗಳಿಗೆ ದುಡಿಯಲು ಹೋದ ಮಕ್ಕಳು ಕ್ರಿಸ್‌ಮಸ್ಸಿನ ಮತ್ತು ಹೊಸ ವರ್ಷದ ರಜೆ ಹಿಡಿದು ಊರಿಗೆ ಬರುವುದೂ ಆಗಲೇ. ರೈಲುನಿಲ್ದಾಣದ ಹೊರಗೆ ಆಟೋದವರ ಕೂಗು ದ್ವಿಗುಣವಾದರೆ ಹಬ್ಬ ಹತ್ತಿರ ಬಂತೆಂದು ತಿಳಿಯಬೇಕು.

ಆ ಹಬ್ಬವೇ ಎಳ್ಳ ಅಮಾವಾಸ್ಯೆ. ೨೦೨೪ರಲ್ಲಿ ಅದು ಡಿಸೆಂಬರ್ ೩೦ಕ್ಕೆ ಬಂದಿತ್ತು, ೨೦೨೫ರಲ್ಲಿ ಡಿಸೆಂಬರ್ ೧೯ಕ್ಕೆ. ಬೆಂಗಳೂರಿನ ಗೋಡೆಗಳಲ್ಲಿ ತೂಗುವ ಪಂಚಾಂಗದಲ್ಲೂ ಈ ಅಮಾವಾಸ್ಯೆ ಇದ್ದೇ ಇದೆ. ಅಲ್ಲಿ ಅದು ಬರಿಯ ಒಂದು ಕಪ್ಪು ಚುಕ್ಕೆ. ಬೀದರ, ಕಲಬುರಗಿ, ಗಡಿಯಾಚೆಯ ಲಾತೂರ ಸೀಮೆಗಳಲ್ಲಿ ಮಾತ್ರ ಅದು ಭೂಮಿತಾಯಿಗೆ ಉಣಬಡಿಸುವ ದಿನ. ಲಾತೂರಿನ ಮರಾಠಿಗರು ಅದನ್ನು ‘ಯೇಳವಸ’ ಎಂದು ಕರೆಯುವಾಗ ನಮ್ಮ ಎಳ್ಳ ಅಮಾವಾಸ್ಯೆಯ ಉಸಿರೇ ಕೇಳಿಸುವುದು. ಭಾಷೆ ಬೇರೆಯಾಯಿತು, ರಾಜ್ಯ ಬೇರೆಯಾಯಿತು. ಭಜ್ಜಿಯ ರುಚಿ ಬೇರೆಯಾಗಲಿಲ್ಲ.

ನಾನಿರುವುದು ಕುಸನೂರ ರಸ್ತೆಯ ಕಡೆ. ದೂರದ ನೆಂಟರು ರಜೆಗೆ ಬಂದಾಗ, “ನಿಮ್ಮೂರಲ್ಲಿ ನೋಡುವಂಥದ್ದು ಏನಿದೆ?” ಎಂದು ಕೇಳುವುದುಂಟು. ಅವರನ್ನು ನಾನು ಕರೆದೊಯ್ಯುವ ಜಾಗಗಳ ವಿಚಾರವನ್ನೇ ಇಲ್ಲಿ ಬರೆದಿದ್ದೇನೆ. ಸರ್ಕಾರದ ಪ್ರವಾಸಿ ಪುಸ್ತಿಕೆಯ ಕ್ರಮ ಇದಲ್ಲ. ಭೀಮಾ–ಅಮರಜಾ ಸಂಗಮದ ಗಾಣಗಾಪುರ, ಕಾಗಿಣಾ ತೀರದ ಮಳಖೇಡ, ಅಶೋಕನ ಶಾಸನಗಳು ದೊರೆತ ಸನ್ನತಿ ಇವೆಲ್ಲಕ್ಕೂ ಬೇರೆಯೇ ದಿನ ಮೀಸಲಿಡಬೇಕು. ಊರೊಳಗಿನ ಮಾತಷ್ಟೇ ಈ ಬಾರಿ.

ಹಬ್ಬಕ್ಕೆ ಎರಡು ದಿನ ಮುಂಚೆ ಮೊದಲು ಹೋಗಬೇಕಾದದ್ದು ಗುಡಿಗೂ ಅಲ್ಲ, ಕೋಟೆಗೂ ಅಲ್ಲ, ಪೇಟೆಗೆ. ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಯದ ಸಾಲಿನಲ್ಲಿ ಆಗ ಕಾಲಿಡಲು ಜಾಗವಿರುವುದಿಲ್ಲ. ಏಕೆಂದರೆ ಎಳ್ಳ ಅಮಾವಾಸ್ಯೆಯ ಭಜ್ಜಿ ಎಂಬುದು ಒಂದೆರಡು ಪದಾರ್ಥಗಳಿಂದ ಮುಗಿಯುವ ಅಡುಗೆಯಲ್ಲ. ದಕ್ಷಿಣದ ಓದುಗರು ಭಜ್ಜಿ ಎಂದೊಡನೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿಯನ್ನು ನೆನೆಯಬಾರದು. ಇದು ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಪಾಲಕ, ಹಸಿ ಉಳ್ಳಾಗಡ್ಡಿ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟುಗಳೊಡನೆ ಒಂದೇ ಪಾತ್ರೆಯಲ್ಲಿ ಕುದಿಸಿ ಮಾಡುವ ಗಟ್ಟಿ ಸಾರು. ಆ ಕಾಲದಲ್ಲಿ ಹೊಲದಲ್ಲಿ ಏನೇನು ಬೆಳೆದಿದೆಯೋ ಅದರ ಹಾಜರಿ ಪುಸ್ತಕವೇ ಭಜ್ಜಿ ಎನ್ನಬಹುದು. ಯಾವ ಕಾಳು ತಪ್ಪಿದರೂ ಮನೆಯ ಹಿರಿಯಳ ಮುಖ ಸಣ್ಣದಾಗುವುದು. ಜೊತೆಗೆ ಎಳ್ಳು ಮೆತ್ತಿದ ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಅಗಸಿ ಹಿಂಡಿ, ಮಣ್ಣಿನ ಗಡಿಗೆಯಲ್ಲಿ ಹುಳಿಬಿಟ್ಟ ಜೋಳದ ಅಂಬಲಿ.

ಕಿರಾಣಾ ಅಂಗಡಿಗಳ ಮುಂದೆ ಎಳ್ಳು ಬೆಲ್ಲಗಳ ರಾಶಿ, ಕಪಡಾ ಬಜಾರಿನಲ್ಲಿ ಮಗಳಂದಿರಿಗೆ ಸೀರೆ ಆರಿಸುವ ತಾಯಂದಿರು, ಗಾಡಿಗಳ ಮೇಲೆ ಕಮಲಾಪುರದ ಕೆಂಪು ಬಾಳೆ. ಈ ಬಾಳೆಯ ವಿಚಾರ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರದ ಸುತ್ತಿನ ಮಣ್ಣಿನಲ್ಲಿ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸಾಮಾನ್ಯ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುತ್ತದೆ, ಹೆಚ್ಚು ಆರೈಕೆ ಬೇಡುತ್ತದೆ. ಆದ್ದರಿಂದ ಬೆಲೆಯೂ ಹೆಚ್ಚು. ಮನೆಗೆ ಬಾಳಂತಿಯೋ ಬೀಗರೋ ಬಂದಾಗ ಮಾತ್ರ ಡಜನ್ನುಗಟ್ಟಲೆ ಕೊಳ್ಳುವ ಹಣ್ಣಿದು. ಉಳಿದ ದಿನ ಒಂದೋ ಎರಡೋ. ಕಲಬುರಗಿಯ ತೊಗರಿಬೇಳೆಗೂ ೨೦೧೯ರಲ್ಲಿ ಅಂಥದೇ ಗುರುತು ಸಿಕ್ಕಿತು. ನೆಹರು ಗಂಜಿನಲ್ಲಿ ಹೊಸ ತೊಗರಿಯ ಮೂಟೆಗಳು ಇಳಿಯತೊಡಗುವುದೂ ಈ ಹಬ್ಬದ ಆಸುಪಾಸಿನಲ್ಲೇ. ಗಂಜಿನ ಗಾಳಿಯಲ್ಲಿ ಬೇಳೆಯ ಹೊಟ್ಟಿನ ಘಮಲು ಸೇರಿದಾಗ ಸೀನು ಬರುವುದು ನಿಜ. ಆದರೆ ಆ ಸೀನಿನಲ್ಲಿ ಈ ಜಿಲ್ಲೆಯ ವರ್ಷದ ಲೆಕ್ಕ ಅಡಗಿದೆ.

ಪೇಟೆಯಲ್ಲಿ ದಣಿದವರನ್ನು ಶರಣಬಸವೇಶ್ವರರ ಗುಡಿಗೆ ಕರೆದೊಯ್ಯುತ್ತೇನೆ. ಕಲಬುರಗಿಯವರಿಗೆ ಇದು ‘ಅಪ್ಪನ ಗುಡಿ’; ಪಕ್ಕದ ಕೆರೆ ‘ಅಪ್ಪನ ಕೆರೆ’. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ೧೭೪೬ರಲ್ಲಿ ಹುಟ್ಟಿ, ಒಕ್ಕಲುತನ ಮಾಡಿ, ಕಡೆಗೆ ಕಲಬುರಗಿಗೆ ಬಂದು ನೆಲಸಿ, ೧೮೨೨ರಲ್ಲಿ ಲಿಂಗೈಕ್ಯರಾದ ಈ ಶರಣರು ದೊಡ್ಡ ಗ್ರಂಥ ಬರೆದವರಲ್ಲ, ರಾಜ್ಯ ಕಟ್ಟಿದವರಲ್ಲ. ಬಂದವರಿಗೆ ಅನ್ನವಿಕ್ಕಿದರು, ಅಷ್ಟೇ. ಅದನ್ನೇ ದಾಸೋಹ ಎಂದರು. ಅವರ ಹೊಲದಲ್ಲಿ ಹಕ್ಕಿಗಳನ್ನು ಓಡಿಸುವ ಪದ್ಧತಿಯೇ ಇರಲಿಲ್ಲವೆಂದೂ, ತಿಂದುಂಡು ಹೋಗಲೆಂದು ಬಿಟ್ಟ ಹೊಲದಲ್ಲೇ ರಾಶಿ ಹೆಚ್ಚಾಯಿತೆಂದೂ ಇಲ್ಲಿಯ ಅಜ್ಜಿಯರು ಹೇಳುತ್ತಾರೆ. ಕತೆಯ ಸತ್ಯಾಸತ್ಯವನ್ನು ನಾನು ತೂಗಲು ಹೋಗುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲದ ಸುತ್ತ ಚರಗ ಚೆಲ್ಲುವ ಒಕ್ಕಲಿಗನಿಗೆ ಆ ಕತೆ ಎಷ್ಟು ಒಗ್ಗಿತೆಂಬುದನ್ನು ನೋಡಿದರೆ ಸಾಕು.

ಗರ್ಭಗುಡಿಯಲ್ಲಿ ಗುರುಶಿಷ್ಯರ ಜೋಡಿ ಮುಖವಿದೆ. ಜನ ಒಬ್ಬರಿಗೆ ಕೈಮುಗಿದರೆ ಇಬ್ಬರಿಗೂ ಸಲ್ಲುವುದು. ಹೋಳಿ ಹುಣ್ಣಿಮೆಯಾದ ಐದನೆಯ ದಿನ ಇಲ್ಲಿ ತೇರು. ಶರಣರು ಪ್ರಸಾದ ಸ್ವೀಕರಿಸುತ್ತಿದ್ದ ಪರುಷ ಬಟ್ಟಲನ್ನು ಆ ಸಂಜೆ ಜನರಿಗೆ ತೋರಿಸುವರು. ಆಮೇಲೆ ತೇರು ಕದಲುವುದು. ಉತ್ತತ್ತಿ ಬಾಳೆಹಣ್ಣುಗಳು ಆಕಾಶದಲ್ಲಿ ಹಾರಾಡುವುವು. ಆ ದಿನದ ಜನಜಂಗುಳಿಯನ್ನು ನೋಡುವುದು ಒಂದು ಸೊಗಸು. ಆದರೆ ನನಗೆ ಹೆಚ್ಚು ಹಿಡಿಸುವುದು ಚಳಿಗಾಲದ ಸಾಮಾನ್ಯ ಸಂಜೆ. ಗುಡಿಯ ಕಲ್ಲುಹಾಸು ಇನ್ನೂ ಹಗಲಿನ ಬಿಸಿಯನ್ನು ಹಿಡಿದಿರುವಾಗ, ದೂರದ ಹಳ್ಳಿಯಿಂದ ಆಸ್ಪತ್ರೆಗೆಂದು ಬಂದವರು, ಕೋರ್ಟಿಗೆಂದು ಬಂದವರು, ಬಸ್ಸು ತಪ್ಪಿದವರು ಕಂಬಗಳಿಗೆ ಒರಗಿ ಕುಳಿತಿರುತ್ತಾರೆ. ಊಟದ ಹೊತ್ತಿಗೆ ಅವರನ್ನು ಯಾವ ಊರು, ಯಾವ ಕುಲ ಎಂದು ಯಾರೂ ಕೇಳುವುದಿಲ್ಲ. ಕೆರೆಯ ದಂಡೆಯಲ್ಲಿ ಸುಸಲಾ, ಮಿರ್ಚಿ ಮಾರುವ ಬಂಡಿಗಳು. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಒಗ್ಗರಣೆ ಕೊಟ್ಟ ಸುಸಲಾ ತಿನ್ನುತ್ತಾ ನೀರಿನ ಕಡೆ ಮುಖಮಾಡಿ ಕುಳಿತರೆ, ಹೊಳೆಯಿಲ್ಲದ ಊರಿಗೆ ಇಷ್ಟಾದರೂ ನೀರಿದೆಯಲ್ಲ ಎಂಬ ಸಮಾಧಾನ.

ಅಪ್ಪನ ಗುಡಿಯಿಂದ ಬಂದೇನವಾಜರ ದರ್ಗಾಕ್ಕೆ ಹೋಗುವವರು ಬೇರೆ ಜನ, ಗುಡಿಗೆ ಬರುವವರು ಬೇರೆ ಜನ ಎಂದು ಹೊರಗಿನವರು ಭಾವಿಸುವುದುಂಟು. ಎರಡೂ ಕಡೆ ಅವೇ ಮುಖಗಳನ್ನು ಕಂಡು ನನ್ನ ನೆಂಟರೊಬ್ಬರು ಬೆರಗಾಗಿದ್ದರು. ತೈಮೂರನ ದಾಳಿಯ ಕಾಲದಲ್ಲಿ ದೆಹಲಿಯನ್ನು ಬಿಟ್ಟ ಖ್ವಾಜಾ ಬಂದೇನವಾಜ ಗೇಸೂದರಾಜರು ೧೪೦೦ರ ಸುಮಾರಿಗೆ ಕಲಬುರಗಿಗೆ ಬಂದರು. ಆಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಸಿಂಹಾಸನದಲ್ಲಿದ್ದವನು ಬಹಮನಿ ಸುಲ್ತಾನ ಫಿರೋಜ್ ಶಹಾ. ಮೊದಲು ಆದರದಿಂದ ಬರಮಾಡಿಕೊಂಡ ಅರಸನಿಗೂ ಖ್ವಾಜಾರಿಗೂ ಮುಂದೆ ಮನಸ್ತಾಪ ಬೆಳೆಯಿತು. ೧೪೨೨ರಲ್ಲಿ ಇಬ್ಬರೂ ತೀರಿಕೊಂಡರು.

ದರ್ಗಾಕ್ಕೆ ಹೋಗುವ ದಾರಿಯಲ್ಲೇ ಹಫ್ತ್ ಗುಮ್ಮಟವಿದೆ. ಏಳು ಗುಮ್ಮಟಗಳೆಂದು ಅದರ ಅರ್ಥ. ಬಹಮನಿ ಅರಸು ಮನೆತನದವರ ಗೋರಿಗಳ ಸಮೂಹ. ಅದರಲ್ಲಿ ಎಲ್ಲಕ್ಕಿಂತ ಹಿರಿದಾದ ಜೋಡಿ ಗುಮ್ಮಟ ಫಿರೋಜನದು. ನಾನು ನೆಂಟರನ್ನು ಮೊದಲು ಅಲ್ಲಿಗೆ ಒಯ್ಯುತ್ತೇನೆ, ಆಮೇಲೆ ದರ್ಗಾಕ್ಕೆ. ಫಿರೋಜನ ಗುಮ್ಮಟದೊಳಗೆ ನಮ್ಮ ಚಪ್ಪಲಿಯ ಸದ್ದು ನಮಗೇ ಮರಳಿ ಕೇಳುವುದು; ಪಾರಿವಾಳಗಳು ಒಮ್ಮೆ ಪಟಪಟಿಸಿ ಸುಮ್ಮನಾಗುವುವು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಮಲ್ಲಿಗೆ ಗುಲಾಬಿಗಳ ಬುಟ್ಟಿ, ಊದುಬತ್ತಿಯ ಹೊಗೆ, ತವೆಯ ಮೇಲಿನ ಮಾಲ್ಪುರಿ, ಹರಕೆಯ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಅರಸನ ಮನೆ ಖಾಲಿ. ಫಕೀರನ ಮನೆಯಲ್ಲಿ ಆರು ನೂರು ವರ್ಷವಾದರೂ ನೆಂಟರು ಮುಗಿದಿಲ್ಲ. ಉರುಸಿನ ಕಾಲದಲ್ಲಂತೂ, ಹಿಜರಿ ತಿಂಗಳು ಜಿಲ್ಕಾದದ ೧೫ರಿಂದ, ಹಳಬರು ಮೆಹಬೂಬ್ ಗುಲ್ಶನ್ ಎನ್ನುವ ಉದ್ಯಾನದಿಂದ ಗಂಧದ ಮೆರವಣಿಗೆ ಹೊರಟು ಊರನ್ನೇ ಜೊತೆಗೆ ಎಳೆದುಕೊಂಡು ದರ್ಗಾ ಸೇರುವುದು. ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದಾದುದರಿಂದ ಉರುಸು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅದು ಚಳಿಗಾಲಕ್ಕೆ ಬಿದ್ದ ವರ್ಷ ಊರಿಗೆ ಎರಡು ಹಬ್ಬ ಒಟ್ಟಿಗೆ.

ಕೋಟೆಯನ್ನು ಮಾತ್ರ ನಾನು ಹಬ್ಬದ ಗಡಿಬಿಡಿಗೆ ಬೆರೆಸುವುದಿಲ್ಲ. ಅದಕ್ಕೆ ಒಂದು ಬೆಳಗನ್ನು ಪೂರ್ತಿಯಾಗಿ ಕೊಡಬೇಕು. ೧೩೪೭ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಅದರ ರಾಜಧಾನಿಯಾದದ್ದು ಈ ಕೋಟೆ. ರಾಜಧಾನಿ ಬೀದರಿಗೆ ಹೋದ ಮೇಲೆ ಇದು ತವರಿನಲ್ಲುಳಿದ ಹಿರಿಯ ಮಗಳಂತೆ ಕುಳಿತಿದೆ. ಕಂದಕ ದಾಟಿ ಒಳಹೊಕ್ಕರೆ ಬಾಲಾ ಹಿಸಾರಿನ ಬೋಳು ಗೋಡೆಗಳು ಎದುರಾಗುವುವು. ಇಲ್ಲಿಯ ಬಾರಾ ಗಜಿ ತೋಪಿನ ಉದ್ದ ೨೯ ಅಡಿ ಎನ್ನುತ್ತಾರೆ. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ತೋಪಿಲ್ಲವೆಂದು ಊರ ಹುಡುಗರು ಆಣೆ ಮಾಡಲು ಸಿದ್ಧರಿರುತ್ತಾರೆ. ಅವರೊಡನೆ ವಾದಕ್ಕಿಳಿಯುವುದು ವ್ಯರ್ಥ. ತೋಪಿನ ಮೈಯನ್ನು ಒಮ್ಮೆ ಸವರಿ ಮುಂದೆ ನಡೆಯಬೇಕು.

ಮುಂದೆ ಇರುವುದು ಜಾಮಿ ಮಸೀದಿ. ಕಲಬುರಗಿಯಲ್ಲಿ ಒಂದೇ ಒಂದು ಕಟ್ಟಡವನ್ನು ನೋಡಲು ಸಮಯವಿದ್ದರೆ ಅದು ಇದಾಗಬೇಕೆಂಬುದು ನನ್ನ ಮತ. ೧೩೬೭ರ ಶಾಸನದಲ್ಲಿ ರಫಿ ಎಂಬಾತನ ಹೆಸರಿದೆ. ಇರಾನಿನ ಕಜ್ವೀನ್ ಊರಿನ ಮನೆತನದವನು. ಉದ್ದ ೨೧೬ ಅಡಿ, ಅಗಲ ೧೭೬ ಅಡಿ. ಹಿಂದೂಸ್ಥಾನದ ದೊಡ್ಡ ಮಸೀದಿಗಳಿಗೆ ಸಾಮಾನ್ಯವಾಗಿ ವಿಶಾಲವಾದ ಬಯಲಂಗಳವಿರುವುದು. ಇದಕ್ಕೆ ಅಂಗಳವೇ ಇಲ್ಲ; ನೆಲವಷ್ಟಕ್ಕೂ ಮಾಡು. ಮೂಲೆಗೊಂದರಂತೆ ನಾಲ್ಕು ಗುಮ್ಮಟ, ಮಿಹ್ರಾಬಿನ ಮೇಲೆ ಎಲ್ಲಕ್ಕೂ ಹಿರಿದಾದ ಒಂದು, ನಡುವೆಲ್ಲ ಸಾಲುಸಾಲಾಗಿ ಚಿಕ್ಕ ಗುಮ್ಮಟಗಳು. ಸ್ಪೇನಿನ ಕಾರ್ಡೋಬಾ ಮಸೀದಿಯನ್ನು ನೋಡಿ ಇದನ್ನು ಕಟ್ಟಿದರೆಂಬ ಮಾತು ಬಹುಕಾಲದಿಂದ ಬಾಯಿಂದ ಬಾಯಿಗೆ ನಡೆದುಬಂದಿದೆ. ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ನನಗೆ ತೋರುವ ಕಾರಣ ಬೇರೆ, ಮತ್ತು ತೀರ ಮನೆಯದು: ಈ ಊರ ಬಿಸಿಲಿನಲ್ಲಿ ಬಯಲಂಗಳದ ಕಲ್ಲಿನ ಮೇಲೆ ಮಂಡಿಯೂರಲು ಸಾಧ್ಯವೇ? ಹೊರಸಾಲಿನ ಅಗಲವಾದ ತಗ್ಗು ಕಮಾನುಗಳಿಂದ ಒಳಬರುವ ಬೆಳಕು ನೆಲಕ್ಕೆ ತಾಗಿ ಮೇಲೇಳುವ ಪರಿಯನ್ನು ಡಿಸೆಂಬರಿನ ಬೆಳಗು ಎಂಟು ಗಂಟೆಗೆ ನೋಡಬೇಕು. ಒಂದು ಕಂಬದ ಬಳಿ ನಿಂತರೆ ನಾಲ್ಕು ದಿಕ್ಕಿಗೂ ಕಮಾನಿನೊಳಗೆ ಕಮಾನು, ಅದರೊಳಗೆ ಮತ್ತೊಂದು. ಜೊತೆಗೆ ಬಂದ ಮಕ್ಕಳು ಸಹ ಅಲ್ಲಿ ದನಿ ತಗ್ಗಿಸುವುದನ್ನು ಕಂಡಿದ್ದೇನೆ.

ಇನ್ನು ಹಬ್ಬದ ದಿನದ ಮಾತು. ಎಳ್ಳ ಅಮಾವಾಸ್ಯೆಯ ದಿನ ಬೆಳಗು ಹತ್ತರ ನಂತರ ಕಲಬುರಗಿಯ ಪೇಟೆಯಲ್ಲಿ ಚಹಾ ಸಿಕ್ಕುವುದೂ ಕಷ್ಟ. ಜಗತ್ ವೃತ್ತದಲ್ಲಿ ಸಂಚಾರದ ಪೊಲೀಸರಿಗೆ ಕೈಯೆತ್ತುವ ಕೆಲಸವಿಲ್ಲ. ಊರಿಗೆ ಊರೇ ಹೊಲಗಳ ಕಡೆ ಹರಿದಿರುತ್ತದೆ. ಬಂಡಿಗಳಿದ್ದ ಕಾಲ ಬಹುಮಟ್ಟಿಗೆ ಹೋಯಿತು. ಈಗ ಟಂಟಂ, ಟ್ರ್ಯಾಕ್ಟರು, ಮೋಟಾರು ಸೈಕಲ್ಲು, ಕಾರು. ಆದರೆ ಬಿದಿರಬುಟ್ಟಿಗೆ ಬಿಳಿಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಳ್ಳುವ ರೀತಿ ಮಾತ್ರ ಬದಲಾಗಿಲ್ಲ.

ಹೊಲವಿಲ್ಲದವರ ಗತಿಯೇನು? ಅವರ ಸಂಖ್ಯೆ ಚಿಕ್ಕದಲ್ಲ. ಸರ್ಕಾರಿ ನೌಕರರು, ಅಂಗಡಿಯವರು, ಬಾಡಿಗೆ ಮನೆಯವರು, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಪರಿಚಯದವರ ಹೊಲಕ್ಕೆ ಕರೆಯಿಲ್ಲದೆಯೂ ಹೋಗಬಹುದು. ಆ ದಿನ ಕರೆಯದೆ ಬಂದವನು ದೇವರಿಗೆ ಸಮ. ಅದಕ್ಕೂ ಸಂಕೋಚಪಡುವವರು ಬುತ್ತಿ ಕಟ್ಟಿಕೊಂಡು ಸಾರ್ವಜನಿಕ ಉದ್ಯಾನಕ್ಕೋ ಬುದ್ಧವಿಹಾರದ ಕಡೆಗೋ ಹೋಗುತ್ತಾರೆ. ೨೦೦೯ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಉದ್ಘಾಟನೆಗೊಂಡ ಈ ವಿಹಾರದ ಬಿಳಿಯ ಗುಮ್ಮಟ ಸೇಡಂ ರಸ್ತೆಯ ಕಡೆಯಿಂದ ಬರುವವರಿಗೆ ದೂರದಿಂದಲೇ ಕಾಣಿಸುವುದು. ಒಳಗಿನ ಬುದ್ಧನ ಮುಂದೆ ಕಣ್ಣುಮುಚ್ಚಿ ಕುಳಿತ ತಾಯಿಯ ಪಕ್ಕದಲ್ಲಿ ಮಗು ಹೋಳಿಗೆಯ ವಾಸನೆಗೆ ಚಡಪಡಿಸುವುದನ್ನು ನೋಡಿದರೆ ಧ್ಯಾನದ ಕಷ್ಟ ಎಷ್ಟೆಂಬುದು ತಿಳಿಯುವುದು. ಹತ್ತಿರದಲ್ಲೇ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ. ೧೯೮೦ರಲ್ಲಿ ಸ್ಥಾಪನೆಯಾದದ್ದು. ಊರಿನ ಹೆಸರು ೨೦೧೪ರ ನವೆಂಬರ್ ಒಂದರಂದು ಅಧಿಕೃತವಾಗಿ ಕಲಬುರಗಿಯಾದರೂ ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲಬರ್ಗಾ ಹಾಗೆಯೇ ಉಳಿದಿದೆ. ೨೦೨೦ರ ಫೆಬ್ರವರಿಯಲ್ಲಿ ಎಂಬತ್ತೈದನೆಯ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಆವರಣದಲ್ಲೇ.

ಆ ಆವರಣದ ಕಡೆಗೇ ನಮ್ಮ ಕುಸನೂರು. ನನ್ನ ಮೆಚ್ಚಿನ ಜಾಗಗಳಲ್ಲಿ ಕಟ್ಟಕಡೆಯದು, ಮತ್ತು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಪ್ರವಾಸಿ ಪುಸ್ತಿಕೆಯಲ್ಲಿ ಅದರ ಹೆಸರು ಸಿಕ್ಕುವುದಿಲ್ಲ. ನೋಡಲು ಅಲ್ಲೇನಿದೆ? ಎರೆಭೂಮಿ, ಬೇವಿನ ಮರ, ಬನ್ನಿಯ ಮರ, ಆಕಾಶ. ಪಟ್ಟಣ ಮುಗಿದು ಹಳ್ಳಿ ತೊಡಗುವ ಗೆರೆ ಒಂದು ಕಾಲಕ್ಕೆ ಇಲ್ಲಿ ಸ್ಪಷ್ಟವಾಗಿತ್ತು. ಈಗ ಅದು ವರ್ಷವರ್ಷವೂ ಜರುಗುತ್ತಿದೆ. ಹೊಲಗಳ ನಡುವೆ ಬಡಾವಣೆ, ಬಡಾವಣೆಯ ನಡುವೆ ಉಳಿದ ತುಂಡು ಹೊಲ. ತೊಗರಿಯ ಸಾಲಿನ ಕೊನೆಗೆ ಸಿಮೆಂಟಿನ ಗಟಾರು. ಬಣ್ಣ ಬಳಿದ ಗುರುತುಗಲ್ಲುಗಳು ಸಾಲಾಗಿ ನಿಂತಿವೆ. ಒಂದೊಂದರ ಮೇಲೂ ಒಂದೊಂದು ಅಂಕಿ.

ಎಳ್ಳ ಅಮಾವಾಸ್ಯೆಯ ಪೂಜೆಗೂ ಕಲ್ಲುಗಳೇ ಬೇಕು. ಹೊಲದಲ್ಲಿ ಜೋಳದ ಕಣಿಕೆಯಿಂದ ಚಿಕ್ಕದೊಂದು ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನು ತೊಳೆದು ಸುಣ್ಣ ಹಚ್ಚಿ ಸಾಲಾಗಿ ನಿಲ್ಲಿಸುತ್ತಾರೆ. ಅವೇ ಪಾಂಡವರು. ಮುಂದೆ ಭೂಲಕ್ಷ್ಮಿ. ಮಾಡಿ ತಂದ ಅಡುಗೆಯೆಲ್ಲವನ್ನೂ ಎಡೆಯಿಟ್ಟು, ಆಮೇಲೆ ರೊಟ್ಟಿ, ಕಡುಬು, ಭಜ್ಜಿ, ಅಂಬಲಿಗಳನ್ನು ಒಂದು ಬುಟ್ಟಿಯಲ್ಲಿ ಕಲಸಿ, ಮನೆಯ ಯಜಮಾನ ಹೊಲದ ನಾಲ್ಕೂ ಒಡ್ಡಿನ ಮೇಲೆ ನಡೆಯುತ್ತ ಕೂಗು ಹಾಕಿ ಚೆಲ್ಲುತ್ತಾನೆ. ಹಿಂದಿನಿಂದ ಇನ್ನೊಬ್ಬ ನೀರು ಚಿಮುಕಿಸುತ್ತ ಬರುತ್ತಾನೆ. ಇದೇ ಚರಗ. ಹಕ್ಕಿಗೆ, ಇರುವೆಗೆ, ಹುಳಕ್ಕೆ, ಮಣ್ಣಿಗೆ ಮೊದಲ ತುತ್ತು. ಬೆಳೆದವನ ತುತ್ತು ಆಮೇಲೆ.

೨೦೨೪ರ ಹಬ್ಬದಂದು ನಾನು ನೆಂಟರೊಡನೆ ಅಲ್ಲಿ ಹೋದಾಗ, ಗುರುತುಗಲ್ಲುಗಳು ನಿಂತ ಒಂದು ಬಯಲಿನಲ್ಲಿ ಹೊಗೆಯಾಡುತ್ತಿತ್ತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಧೋತರದ ಕಚ್ಚೆ ಬಿಗಿದು, ಕಣಿಕೆಯ ಗುಡಿಸಲಿನ ಮುಂದೆ ಕಾಯಿ ಒಡೆಯುತ್ತಿದ್ದರು. ಸುತ್ತಲೂ ಬೆಳೆಯೆಂಬುದಿಲ್ಲ, ಬರಿಯ ಹುಲ್ಲು. ಸುಣ್ಣ ಹಚ್ಚಿದ ಐದು ಕಲ್ಲುಗಳಿಂದ ಒಂದು ಮಾರು ದೂರದಲ್ಲಿ ಅಂಕಿ ಬರೆದ ಆರನೆಯ ಕಲ್ಲು.

“ಯಾರ ಹೊಲ ಇದು, ಕಾಕಾ?” ಎಂದು ಕೇಳಿದೆ.

“ಮೊದಲ ನಮ್ದಿತ್ತು, ತಮ್ಮಾ. ಮಾರಿ ನಾಕು ವರ್ಷ ಆಯ್ತು. ಬಾ, ಉಣ್ಲಾಕ ಕುಂದ್ರು.”

“ಮಾರಿದ ಮ್ಯಾಲೂ ಚರಗಕ್ಕ ಇಲ್ಲೇ ಬರ್ತೀರೇನ್ರಿ?”

“ಕಾಗದದಾಗ ಅವರ್ದು. ಚರಗ ಚೆಲ್ಲಾಕ ಕಾಗದ ಕೇಳ್ತಾರೇನು?”

ಮಗಳ ಮದುವೆಗೆಂದೂ, ಮಗನ ಓದಿಗೆಂದೂ ಮಾರಿದರಂತೆ. ಬೆಲೆ ಚೆನ್ನಾಗಿಯೇ ಬಂದಿತ್ತು. ಅದರ ಬಗೆಗೆ ಅವರಿಗೆ ದೂರಿರಲಿಲ್ಲ. ತೊಗರಿಯನ್ನು ನಂಬಿ ಕುಳಿತಿದ್ದರೆ ಅಷ್ಟು ಹಣವನ್ನು ಅವರ ಆಯುಷ್ಯದಲ್ಲಿ ಕಾಣುತ್ತಿರಲಿಲ್ಲ. ೨೦೨೨ರ ಚಳಿಗಾಲದಲ್ಲಿ ಜಿಲ್ಲೆಯ ಹೊಲಹೊಲಗಳಲ್ಲಿ ನೆಟೆರೋಗ ಬಿದ್ದು, ಹೂ ಕಾಯಿ ಹಿಡಿದ ತೊಗರಿ ನಿಂತಲ್ಲೇ ಒಣಗಿದ್ದನ್ನು ಕಂಡವರಿಗೆ ಭೂಮಿ ಮಾರಬೇಡವೆಂದು ಹೇಳುವ ಬಾಯಿ ಬರುವುದಿಲ್ಲ. ಪಟ್ಟಣದಲ್ಲಿ ಕುಳಿತು ಹಳ್ಳಿಯನ್ನು ಹೊಗಳುವುದು ಸುಲಭ. ನಾವಿರುವ ಮನೆಗಳೂ ಯಾರದೋ ಚರಗದ ನೆಲದ ಮೇಲೆಯೇ ಎದ್ದಿವೆಯಲ್ಲವೆ?

ನಾವು ಎಲೆಯ ಮುಂದೆ ಕುಳಿತಿರುವಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವರು ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಬೀದರ ಸೀಮೆಯವರು, ಶಾಲಾ ಉಪಾಧ್ಯಾಯರು. ಆ ನಿವೇಶನದ ಒಡೆಯರು. ಅವರ ಕೈಯಲ್ಲೂ ಬಿಳಿಬಟ್ಟೆ ಕಟ್ಟಿದ ಬುಟ್ಟಿ! ತಮ್ಮ ನೆಲಕ್ಕೆ ತಾವು ಚರಗ ಚೆಲ್ಲಲು ಬಂದವರು, ಮೊದಲೇ ಪೂಜೆ ನಡೆದಿರುವುದನ್ನು ಕಂಡು ಕ್ಷಣ ತಬ್ಬಿಬ್ಬಾದರು. ಹಿರಿಯರು ಎದ್ದು ನಿಂತರು. ಆ ಎರಡು ನಿಮಿಷ ನಮಗೆಲ್ಲ ಕಸಿವಿಸಿ. ಆಗ ಉಪಾಧ್ಯಾಯರ ಹೆಂಡತಿ ಮಾತಿಲ್ಲದೆ ತಮ್ಮ ಬುಟ್ಟಿಯನ್ನು ಪಾಂಡವರ ಮುಂದಿನ ಎಡೆಯ ಪಕ್ಕದಲ್ಲಿ ಇಳಿಸಿದರು. ಬೀದರಿನ ಭಜ್ಜಿ, ಕುಸನೂರಿನ ಭಜ್ಜಿ ಎರಡೂ ಒಂದೇ ಚರಗಕ್ಕೆ ಸೇರಿದುವು. ಹಿರಿಯರು ಮುಂದೆ ಚೆಲ್ಲುತ್ತ ನಡೆದರು, ಉಪಾಧ್ಯಾಯರು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ. ನಿವೇಶನದ ಗಡಿಗೆ ಬಂದಾಗ ಉಪಾಧ್ಯಾಯರು ನಿಂತರು; ಹಿರಿಯರು ನಿಲ್ಲಲಿಲ್ಲ. ಅವರ ಕಾಲಿಗೆ ಹಳೆಯ ಒಡ್ಡಿನ ಲೆಕ್ಕವೇ ಗೊತ್ತಿತ್ತು. ಹನ್ನೆರಡು ನಿವೇಶನಗಳನ್ನು ಸುತ್ತಿ ಬಂದರು.

ಊಟವಾದ ಮೇಲೆ 'ಯಪ್ಪಾ' ಎಂದು ಹಿರಿಯರು ಹುಲ್ಲಿನ ಮೇಲೆ ಕಾಲುಚಾಚಿದರು. ಮಕ್ಕಳು ಅಂಕಿಯ ಕಲ್ಲುಗಳ ಮೇಲೆ ಹತ್ತಿ ಜಿಗಿಯುತ್ತಿದ್ದರು.

“ಕಾಕಾ, ಬರುವ ವರ್ಷ ಮನಿ ಕಟ್ಲಾಕ ಶುರು ಮಾಡಬೇಕಂತೀವ್ರಿ” ಎಂದರು ಉಪಾಧ್ಯಾಯರು, ಅಪ್ಪಣೆ ಕೇಳುವವರಂತೆ.

“ಕಟ್ಟ್ರಿ ಮಾಸ್ತರ, ಛಲೋ ಆಯ್ತು. ಹಿತ್ತಲದಾಗ ಒಂದು ಬುಟ್ಟಿ ಚೆಲ್ಲುವಷ್ಟು ಜಾಗಾ ಬಿಡ್ರಿ. ಫರಸಿ ಹಾಕಬ್ಯಾಡ್ರಿ.”

“ಬಿಡ್ತೀವ್ರಿ.”

೨೦೨೫ರ ಮಳೆಗಾಲ ಈ ಜಿಲ್ಲೆಗೆ ಕೆಟ್ಟದಾಗಿತ್ತು. ಆಗಸ್ಟ್, ಸೆಪ್ಟೆಂಬರುಗಳಲ್ಲಿ ಮೇಲಿಂದ ಮೇಲೆ ಸುರಿದ ಮಳೆಗೆ ಉದ್ದು, ಹೆಸರು, ತೊಗರಿ ನೀರಲ್ಲಿ ನಿಂತುವು. ಭೀಮೆ ಉಕ್ಕಿ ತೀರದ ಹಳ್ಳಿಗಳನ್ನು ನುಂಗಿತು. ಡಿಸೆಂಬರ್ ೧೯ರ ಹಬ್ಬಕ್ಕೆ ಎಷ್ಟೋ ಹೊಲಗಳಲ್ಲಿ ಚೆಲ್ಲಲು ಚರಗವಿತ್ತು, ಹರಸಲು ಬೆಳೆಯಿರಲಿಲ್ಲ. ಆದರೂ ಜನ ಹೋದರು. ಊರು ಎಂದಿನಂತೆ ಖಾಲಿಯಾಯಿತು. ಕುಸನೂರಿನ ಆ ಬಯಲಿಗೆ ನಾನೂ ಹೋದೆ. ಉಪಾಧ್ಯಾಯರ ಮನೆಯ ಪಾಯ ಎದ್ದು, ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ಹಿಂದುಗಡೆ ಮಾತಿನಂತೆ ಜಾಗ ಬಿಟ್ಟಿದ್ದರು. ಸದ್ಯಕ್ಕೆ ಅದರ ಮೇಲೆ ಮರಳಿನ ರಾಶಿ ಬಿದ್ದಿತ್ತು. ಅಕ್ಕಪಕ್ಕದಲ್ಲಿ ಇನ್ನೂ ಎರಡು ಮನೆಗಳು ತೊಡಗಿದ್ದವು. ಕಣಿಕೆಯ ಗುಡಿಸಲು ಕಟ್ಟಲು ತಾವು ಸಾಲದೆ, ಹಿರಿಯರು ಐದು ಕಲ್ಲುಗಳನ್ನು ಬೇವಿನ ಬುಡಕ್ಕೆ ಸಾಗಿಸಿದ್ದರು. ಆ ಬೇವು ರಸ್ತೆಯ ಅಳತೆಯಲ್ಲಿ ಬರುತ್ತದೆಯೋ ಉಳಿಯುತ್ತದೆಯೋ ಎಂಬ ವಿಚಾರವಾಗಿ ಅಲ್ಲಿ ಸೇರಿದವರಲ್ಲಿ ಎರಡು ಅಭಿಪ್ರಾಯಗಳಿದ್ದುವು.

ಸಂಜೆಯಾಗುತ್ತಲೇ ಹೊಲದ ಹಾದಿಗಳೆಲ್ಲ ಪಟ್ಟಣದ ಕಡೆ ತಿರುಗಿದುವು. ಟಂಟಂಗಳ ಹಿಂದೆ ಕಾಲು ಇಳಿಬಿಟ್ಟು ಕುಳಿತ ಹುಡುಗಿಯರ ಕೈಯಲ್ಲಿ ಕಿತ್ತ ಕಡಲೆಗಿಡದ ಕಂತೆ. ಹಸಿ ಕಾಯಿ ಸುಲಿದು ತಿನ್ನುತ್ತ, ಸಿಪ್ಪೆಯನ್ನು ದಾರಿಯುದ್ದಕ್ಕೂ ಉದುರಿಸುತ್ತ ಹೋಗುತ್ತಿದ್ದರು. ಬುದ್ಧವಿಹಾರದ ದೀಪಗಳು ಹತ್ತಿದ್ದುವು. ಉಪಾಧ್ಯಾಯರ ಚಿಕ್ಕ ಮಗ ಮಾತ್ರ ಇನ್ನೂ ಮರಳಿನ ರಾಶಿಯ ಮೇಲೆ ಕುಳಿತು, ಚರಗಕ್ಕೆ ಬಂದ ಎರಡು ಗೊರವಂಕಗಳು ಕಡುಬಿನ ಚೂರಿಗೆ ಜಗಳವಾಡುವುದನ್ನು ನೋಡುತ್ತಿದ್ದ. ಅವನ ತಾಯಿ ಕಾರಿನಿಂದ ಮೂರು ಸಲ ಕರೆದರೂ ಏಳಲಿಲ್ಲ.